ಎದೆ ಪದರದಲ್ಲಿ ಗಡ್ಡೆ ಅಂದಿದ್ದಾರೆ, ಬಯಾಪ್ಸಿ ಮಾಡಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಅಪ್ಪಾಜಿಗೆ 67 ವರ್ಷ. ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಬಾಯ್ಲರ್ ಮನೆಯಲ್ಲಿ 1979ರಿಂದ ಹನ್ನೆರಡು ವರ್ಷ ಕೆಲಸ ಮಾಡಿದ್ದರು. ಆಮೇಲೆ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದಾರೆ. ಬೀಡಿ ಸೇದುತ್ತಿದ್ದರು, ಬಿಟ್ಟು ಹತ್ತು ವರ್ಷ ಆಯಿತು. ನಾಲ್ಕು ತಿಂಗಳ ಹಿಂದೆ ದಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ನೀರು ತುಂಬಿದೆ ಅಂದರು. ತೆಗೆದಾಗ ಹಳದಿ ನೀರು ಬಂತು, ಅದರ ಪರೀಕ್ಷೆಯಲ್ಲಿ ಎಡಿಎ 46 ಇದೆ ಅಂತ ಟಿಬಿ ಮಾತ್ರೆ ಶುರು ಮಾಡಿದರು. ಎರಡು ತಿಂಗಳಾದರೂ ಕಡಿಮೆ ಆಗಲಿಲ್ಲ, ಮತ್ತೆ ನೀರು ತುಂಬಿತು, ಈ ಸಲ ಕೆಂಪಗಿತ್ತು. ಲ್ಯಾಬಿಗೆ ಕಳಿಸಿದ್ದಕ್ಕೆ ಕ್ಯಾನ್ಸರ್ ಕಣ ಇಲ್ಲ ಅಂತ ಬಂದಿದೆಯಲ್ಲ? ಈಗ ಸಿಟಿ ಸ್ಕ್ಯಾನ್‌ನಲ್ಲಿ ಪದರ ದಪ್ಪಗಾಗಿದೆ, ಕೆಳಗಡೆ 7 ಸೆಂಟಿಮೀಟರ್ ಗಡ್ಡೆ ಇದೆ, ಬಯಾಪ್ಸಿ ಮಾಡಬೇಕು ಅನ್ನುತ್ತಿದ್ದಾರೆ. ವರದಿ ಕಳಿಸಿದ್ದೇನೆ, ಅದರಲ್ಲಿರೋ ಹೆಸರನ್ನ ಮೊಬೈಲಿನಲ್ಲಿ ನೋಡಿ ಮನೆಯವರೆಲ್ಲ ಹೆದರಿದ್ದೇವೆ. ಗಡ್ಡೆಗೆ ಸೂಜಿ ತಾಗಿಸಿದರೆ ಹರಡುತ್ತೆ, ಬೇಡ ಅಂತ ದೊಡ್ಡಪ್ಪ ಪಟ್ಟು ಹಿಡಿದಿದ್ದಾರೆ. ಇದು ಬೀಡಿಯಿಂದ ಬಂತಾ, ಮನೆಗೆ ಹೊದಿಸಿರೋ ಸಿಮೆಂಟ್ ಶೀಟಿನಿಂದ ಬಂತಾ? ಬೆಳಗಿನ ಜಾವ ತುಂಬಾ ಬೆವರುತ್ತಾರೆ, ಅದು ಟಿಬಿಯದ್ದೇ ಅಲ್ವಾ? ಅಮ್ಮನಿಗೆ, ಮಕ್ಕಳಿಗೆ ಅಂಟುತ್ತಾ? ಇಲ್ಲೇ ಮಾಡಿಸೋಣವಾ, ಬೆಂಗಳೂರಿಗೆ ಹೋಗೋಣವಾ?

ಉತ್ತರ: ನೀವು ಕಳಿಸಿದ ಸಿಟಿ ವರದಿಯ ಕೊನೇ ಸಾಲು ಇನ್ನೊಮ್ಮೆ ತೆಗೆದು ನೋಡಿ. ಅಲ್ಲಿ ಎರಡು ಹೆಸರಿವೆ. ಒಂದು ಮೆಸೊಥೆಲಿಯೋಮಾ, ಇನ್ನೊಂದು ಸಾಲಿಟರಿ ಫೈಬ್ರಸ್ ಟ್ಯೂಮರ್. ಎರಡರ ಹಿಂದೆಯೂ ಒಂದೊಂದು ಪ್ರಶ್ನೆ ಚಿಹ್ನೆ ಇದೆ. ಮನೆಯವರೆಲ್ಲ ಮೊದಲನೇ ಹೆಸರನ್ನ ಮೊಬೈಲಿನಲ್ಲಿ ಹುಡುಕಿ ಹೆದರಿಕೊಂಡಿದ್ದೀರಿ ಅಂತ ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ. ಆ ಪ್ರಶ್ನೆ ಚಿಹ್ನೆಯನ್ನ ಯಾರೂ ಗಮನಿಸಿದ ಹಾಗಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು ಹೇಳುತ್ತಿರುವುದು ಇಷ್ಟೇ: ನನಗೆ ನೆರಳು ಕಾಣುತ್ತಿದೆ, ಯಾವುದರ ನೆರಳು ಅಂತ ಹೇಳೋಕೆ ಅದರ ತುಣುಕು ತೆಗೆದು ನೋಡಬೇಕು. ಬಯಾಪ್ಸಿ ಅಂದರೆ ಅದೇ.

ನಿಮ್ಮ ಆತಂಕ ನನಗೆ ಅರ್ಥವಾಗಿದ್ದು ಹೀಗೆ. ಅದು ಕ್ಯಾನ್ಸರ್ ಆಗಿದ್ದರೆ ನಾವೇ ಸೂಜಿ ಚುಚ್ಚಿಸಿ ಕೆಡಿಸಿದ ಹಾಗಾಗುತ್ತದಾ? ಆಗಿಲ್ಲದಿದ್ದರೆ ವಯಸ್ಸಾದವರಿಗೆ ಸುಮ್ನೆ ಹಿಂಸೆ ಕೊಟ್ಟ ಹಾಗಾಗುತ್ತದಾ? ದೊಡ್ಡಪ್ಪನವರ ಮಾತನ್ನ ನಾನು ಮೂಢನಂಬಿಕೆ ಅಂತ ತಳ್ಳಿಹಾಕುವುದಿಲ್ಲ, ಅದರಲ್ಲಿ ಒಂದು ಎಳೆ ನಿಜ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶ್ವಾಸಕೋಶದ ಮೇಲೆ ತೆಳು ಪದರ ಒಂದು, ಪಕ್ಕೆಲುಬಿನ ಒಳಮೈಗೆ ಇನ್ನೊಂದು ಪದರ ಇರುತ್ತದೆ. ಇವನ್ನ ಪ್ಲೂರಾ ಅನ್ನುತ್ತೇವೆ. ಎರಡರ ನಡುವೆ ಜಾರಿಕೆಗೆ ಎರಡು ಮೂರು ಚಮಚ ನೀರು ಎಲ್ಲರಲ್ಲೂ ಇರುತ್ತದೆ. ಪದರಕ್ಕೆ ಏನಾದರೂ ತೊಂದರೆಯಾದರೆ ನೀರು ಜಾಸ್ತಿ ಸೇರುತ್ತದೆ, ಲೀಟರುಗಟ್ಟಲೆ ಸೇರುತ್ತದೆ, ಶ್ವಾಸಕೋಶ ಅದರ ಕೆಳಗೆ ಮುದುಡಿ ಕೂರುತ್ತದೆ. ನಿಮ್ಮ ತಂದೆಯವರ ದಮ್ಮಿಗೆ ಕಾರಣ ಅದು.

ನಮ್ಮ ಕಡೆ ಎದೆಯಲ್ಲಿ ಒಂದೇ ಬದಿಗೆ ನೀರು ಅಂದರೆ ಟಿಬಿ ಅಂತಲೇ ಮೊದಲು ಯೋಚಿಸುತ್ತೇವೆ. ಅದು ತಪ್ಪಲ್ಲ, ಬಹಳ ಸಲ ಅದೇ ಆಗಿರುತ್ತದೆ. ಎಡಿಎ ಅಂದರೆ ಆ ನೀರಿನಲ್ಲಿ ಅಳೆಯುವ ಒಂದು ಕಿಣ್ವ, ಅದು 40ಕ್ಕಿಂತ ಜಾಸ್ತಿ ಇದ್ದರೆ ಟಿಬಿ ಕಡೆ ವಾಲುತ್ತೇವೆ. ಆದರೆ ಎಡಿಎ ಟಿಬಿಗೆ ಮಾತ್ರ ಏರುವುದಿಲ್ಲ. ಕೀವು ಇದ್ದರೆ ಏರುತ್ತದೆ, ಲಿಂಫೋಮಾ ಅನ್ನುವ ಕ್ಯಾನ್ಸರಿನಲ್ಲಿ ಏರುತ್ತದೆ, ಕೆಲವು ಮೆಸೊಥೆಲಿಯೋಮಾ ರೋಗಿಗಳಲ್ಲೂ ಏರುತ್ತದೆ. ಇಪ್ಪತ್ತೈದು ವರ್ಷದ ಹುಡುಗನಿಗೆ ಜ್ವರ ಇದೆ, ಎಡಿಎ 90 ಇದೆ ಅಂದರೆ ನಾನೂ ಯೋಚನೆ ಮಾಡದೆ ಟಿಬಿ ಮಾತ್ರೆ ಬರೆಯುತ್ತೇನೆ. 67 ವರ್ಷದವರಿಗೆ, ಜ್ವರವಿಲ್ಲದೆ, ಗಡಿ ದಾಟಿದ 46 ಇದ್ದಾಗ ಅಷ್ಟು ಧೈರ್ಯ ಬರುವುದಿಲ್ಲ. ಮೊದಲು ನೋಡಿದವರನ್ನ ಬೈಯ್ಯಬೇಡಿ, ಆ ದಿನ ಅವರ ಕೈಯಲ್ಲಿ ಇದ್ದದ್ದು ಅಷ್ಟೇ. ನನ್ನ ಮಟ್ಟಿಗೆ ಎಚ್ಚರಿಕೆಯ ಗಂಟೆ ಅಂದರೆ ಮಾತ್ರೆ ನುಂಗುತ್ತಿರುವಾಗಲೇ ಮತ್ತೆ ನೀರು ತುಂಬಿದ್ದು, ಅದೂ ಕೆಂಪಗೆ. ಟಿಬಿಯಲ್ಲೂ ಮಾತ್ರೆ ಶುರುವಾದ ಮೇಲೆ ಒಮ್ಮೊಮ್ಮೆ ನೀರು ಜಾಸ್ತಿಯಾಗಿ ಆಮೇಲೆ ಇಳಿಯುವುದುಂಟು. ಹಾಗಾಗಿ ಬಯಾಪ್ಸಿ ಫಲಿತಾಂಶ ಬರುವ ತನಕ ಮಾತ್ರೆಯನ್ನ ನೀವಾಗಿ ನಿಲ್ಲಿಸಬೇಡಿ.

ನೀರನ್ನ ಲ್ಯಾಬಿಗೆ ಕಳಿಸಿದ್ದಾರಲ್ಲ, ಕ್ಯಾನ್ಸರ್ ಕಣ ಇಲ್ಲ ಅಂತ ಬಂದಿದೆಯಲ್ಲ ಅಂತ ಕೇಳಿದ್ದೀರಿ. ಮೆಸೊಥೆಲಿಯೋಮಾ ವಿಷಯದಲ್ಲಿ ಆ ವರದಿಯನ್ನ ನೆಚ್ಚಿಕೊಂಡು ಕೂರಬಾರದು. ನೀರಿನಲ್ಲಿ ಅದರ ಕಣ ಸಿಗುವುದು ಮೂರರಲ್ಲಿ ಒಬ್ಬರಿಗೋ ಏನೋ. ಸಿಕ್ಕಿದರೂ ಉರಿಯೂತದಿಂದ ಕೆರಳಿದ ಮಾಮೂಲಿ ಕಣದ ಹಾಗೇ ಕಾಣಿಸಿ ಮೋಸ ಮಾಡುತ್ತದೆ. ಮೂರನೇ ಸಲ, ನಾಲ್ಕನೇ ಸಲ ಬರೀ ನೀರು ತೆಗೆದು ಕಳಿಸುತ್ತಾ ಕೂತರೆ ತಿಂಗಳುಗಳು ಕಳೆದುಹೋಗುತ್ತವೆ.

ಈಗ ಆ ಎರಡು ಹೆಸರುಗಳ ವಿಷಯ. ಒಂದೇ ಜಾಗದಲ್ಲಿ ಹುಟ್ಟುತ್ತವೆ ಅನ್ನೋದು ಬಿಟ್ಟರೆ ಇವೆರಡಕ್ಕೂ ಸಂಬಂಧವೇ ಇಲ್ಲ.

ಮೆಸೊಥೆಲಿಯೋಮಾ ಕ್ಯಾನ್ಸರ್. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಆಸ್ಬೆಸ್ಟಾಸ್ ನಾರು. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉಸಿರಿನ ಜೊತೆ ಒಳಗೆ ಹೋಗಿ ಪದರದ ತನಕ ತಲುಪಿ ಅಲ್ಲೇ ಉಳಿಯುತ್ತದೆ, ಮೈ ಅದನ್ನ ಕರಗಿಸಲಾರದು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಜೊತೆಗಾರರು ಆಸ್ಬೆಸ್ಟಾಸ್ ಗಣಿಯ ಸೀಮೆಯಿಂದ 33 ರೋಗಿಗಳ ವಿವರ ಬರೆದ ಮೇಲೆ ಈ ಸಂಬಂಧ ಜಗತ್ತಿಗೆ ಗೊತ್ತಾಯಿತು. ಅವರಲ್ಲಿ ಗಣಿಯಲ್ಲಿ ಕೆಲಸವನ್ನೇ ಮಾಡದೆ, ಅದರ ಹತ್ತಿರ ಹುಟ್ಟಿ ಬೆಳೆದವರೂ ಇದ್ದರು. ನಾರು ಒಳಗೆ ಹೋದ ಮೇಲೆ ರೋಗ ಕಾಣಿಸಿಕೊಳ್ಳುವುದಕ್ಕೆ 20ರಿಂದ 50 ವರ್ಷ ಬೇಕು. ಈಗ ಲೆಕ್ಕ ಹಾಕಿ ನೋಡಿ, 1979.

ಅದಕ್ಕೇ ನಾನು ವಯಸ್ಸಾದವರ ಎದೆಯಲ್ಲಿ ನೀರು ಕಂಡಾಗ ಈಗ ಏನು ಕೆಲಸ ಅಂತ ಕೇಳುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಎಲ್ಲಿದ್ದಿರಿ ಅಂತ ಕೇಳುತ್ತೇನೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮ ದಾವಣಗೆರೆ. ಮಿಲ್ಲಿನವರು ಬರುತ್ತಾರೆ, ಹತ್ತಿಯ ಧೂಳು ಸರ್ ಅನ್ನುತ್ತಾರೆ. ಹತ್ತಿ ಧೂಳಿನಿಂದ ಬೇರೆ ಕಾಯಿಲೆ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಅದು ಪದರದ ಗಡ್ಡೆ ಮಾಡುವುದಿಲ್ಲ. ಬಾಯ್ಲರ್ ಮನೆಯ ಕಥೆಯೇ ಬೇರೆ. ಆ ಕಾಲದಲ್ಲಿ ಹಬೆ ಪೈಪಿನ ಬಿಸಿ ಹೊರಗೆ ಹೋಗದ ಹಾಗೆ ಸುತ್ತುತ್ತಿದ್ದ ಬಿಳಿ ಹಗ್ಗ, ಮೇಲೆ ಮೆತ್ತುತ್ತಿದ್ದ ಬಿಳಿ ಲೇಪ, ಬಾಯ್ಲರ್ ಬಾಗಿಲಿನ ಸಂದಿಗೆ ತುಂಬುತ್ತಿದ್ದ ಪ್ಯಾಕಿಂಗ್, ಇವೆಲ್ಲ ಬಹುತೇಕ ಆಸ್ಬೆಸ್ಟಾಸೇ. ಹಳೇ ಹಗ್ಗ ಕಿತ್ತು ಹೊಸದು ಸುತ್ತುವಾಗ ಬಿಳಿ ಪುಡಿ ಮೈಮೇಲೆಲ್ಲ ಉದುರುತ್ತಿತ್ತು. ತಂದೆಯವರನ್ನ ಒಂದು ಸಲ ಕೂರಿಸಿಕೊಂಡು ನಿಧಾನವಾಗಿ ಕೇಳಿ: ಪೈಪಿಗೆ ಏನು ಸುತ್ತುತ್ತಿದ್ದಿರಿ, ಯಾರು ಕೀಳುತ್ತಿದ್ದರು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದಿರಾ. ಉತ್ತರವನ್ನ ಬರೆದಿಡಿ, ಡಾಕ್ಟರಿಗೆ ಆ ಚೀಟಿ ಬೇಕಾಗುತ್ತದೆ.

ಬೀಡಿ? ಮೆಸೊಥೆಲಿಯೋಮಾಕ್ಕೂ ಬೀಡಿಗೂ ಸಂಬಂಧ ಇಲ್ಲ. ಅಷ್ಟರ ಮಟ್ಟಿಗೆ ಬೀಡಿ ಸೇದಿ ತಂದುಕೊಂಡೆ ಅಂತ ಅವರು ಕೊರಗುವುದು ಬೇಡ. ಬೀಡಿಯ ಮಾತು ಬರುವುದು ಶ್ವಾಸಕೋಶದ ಕ್ಯಾನ್ಸರಿಗೆ, ಆಸ್ಬೆಸ್ಟಾಸ್ ಜೊತೆ ಸೇರಿದರೆ ಅದರ ಅಪಾಯ ಬಹಳ ಏರುತ್ತದೆ. ಚಿತ್ರದುರ್ಗದ ಕಡೆಯವರು ಗಣಿ ಧೂಳು, ಕಲ್ಲು ಕ್ವಾರಿ ಧೂಳಿನ ಬಗ್ಗೆಯೂ ಕೇಳುತ್ತಾರೆ. ಕಲ್ಲಿನ ಧೂಳು ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಮಾಡುತ್ತದೆ, ಟಿಬಿಗೆ ದಾರಿ ಮಾಡುತ್ತದೆ, ಅದು ಚಿಕ್ಕ ಕಾಯಿಲೆ ಅಲ್ಲ, ಆದರೆ ಈ ಗಡ್ಡೆಗೂ ಅದಕ್ಕೂ ನಂಟಿಲ್ಲ.

ಇನ್ನು ಮನೆಯ ಶೀಟು. ಸಿಮೆಂಟ್ ಶೀಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಬಿಳಿ ಆಸ್ಬೆಸ್ಟಾಸ್ ಇರುತ್ತದೆ. ನಮ್ಮಲ್ಲಿ ಹೊಸ ಆಸ್ಬೆಸ್ಟಾಸ್ ಗಣಿಗೆ ಗುತ್ತಿಗೆ ಕೊಡುವುದನ್ನ ಸರ್ಕಾರ 1986ರಲ್ಲೇ ನಿಲ್ಲಿಸಿತು. ಆದರೆ ಹೊರದೇಶದಿಂದ ತರಿಸಿ ಶೀಟು ಮಾಡುವುದು ನಿಂತಿಲ್ಲ. ಇದೆಂಥಾ ನ್ಯಾಯ ಅಂತ ನನಗೂ ಅನಿಸುತ್ತದೆ, ಇರಲಿ. ಒಡೆಯದೆ, ಪುಡಿಯಾಗದೆ ತಲೆ ಮೇಲೆ ಸುಮ್ಮನೆ ಇರುವ ಶೀಟಿನಿಂದ ಅಪಾಯ ಬಹಳ ಕಡಿಮೆ. ಗ್ರೈಂಡರ್ ಹಿಡಿದು ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆದ ಚೂರನ್ನ ಅಂಗಳದ ಗುಂಡಿಗೆ ತುಂಬಿ ಕುಟ್ಟುವಾಗ ನಾರು ಏಳುತ್ತದೆ. ಬದಲಾಯಿಸುವ ಕಾಲ ಬಂದರೆ ನೀರು ಹೊಡೆದು ನೆನೆಸಿ, ಇಡಿಯಾಗಿ ಇಳಿಸಿ, ಪುಡಿಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಪೊರಕೆ ಮುಟ್ಟಿಸಬೇಡಿ. ತಂದೆಯವರ ವಿಷಯದಲ್ಲಿ ನನಗೆ ಅನುಮಾನ ಇರುವುದು ಬಾಯ್ಲರ್ ಹಗ್ಗದ ಮೇಲೆ, ಶೀಟಿನ ಮೇಲಲ್ಲ.

ಈ ಗಡ್ಡೆ ಅಂಟುವ ರೋಗ ಅಲ್ಲ. ಮೊಮ್ಮಕ್ಕಳು ಪಕ್ಕದಲ್ಲಿ ಮಲಗಬಹುದು. ಅಮ್ಮನ ವಿಷಯ ಸ್ವಲ್ಪ ಬೇರೆ. ಮಿಲ್ಲಿನಿಂದ ಬಂದ ಬಟ್ಟೆಯನ್ನ ಕೊಡವಿ ಒಗೆದವರು ಅವರೇ ಅಲ್ವಾ? ಹಾಗೆ ಬಟ್ಟೆ ಒಗೆದ ಹೆಂಗಸರಿಗೆ ಈ ಕಾಯಿಲೆ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಹೆದರಿ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ, ಏನೂ ತೊಂದರೆ ಇಲ್ಲದವರಿಗೆ ಪರೀಕ್ಷೆ ಮಾಡಿ ಲಾಭ ಇಲ್ಲ. ಅವರಿಗೆ ದಮ್ಮು ಅಥವಾ ಒಂದೇ ಕಡೆ ಎದೆನೋವು ಬಂದರೆ ಮಾತ್ರ ಗ್ಯಾಸ್ಟ್ರಿಕ್ ಅಂತ ಸುಮ್ಮನಾಗಬೇಡಿ.

ಎರಡನೇ ಹೆಸರು ಸಾಲಿಟರಿ ಫೈಬ್ರಸ್ ಟ್ಯೂಮರ್. ಇದಕ್ಕೆ ಆಸ್ಬೆಸ್ಟಾಸ್ ಬೇಕಿಲ್ಲ, ಬೀಡಿ ಬೇಕಿಲ್ಲ, ಕಾರಣ ಯಾವುದೂ ಹೇಳೋಕಾಗದು. ಬಹುಪಾಲು ಶ್ವಾಸಕೋಶದ ಮೇಲಿನ ಪದರದಿಂದ, ಎಷ್ಟೋ ಸಲ ಒಂದು ತೊಟ್ಟಿನ ಮೇಲೆ, ಬದನೆಕಾಯಿ ಹಾಗೆ ನೇತಾಡಿಕೊಂಡು ಬೆಳೆಯುತ್ತದೆ. ಹತ್ತರಲ್ಲಿ ಎಂಟು ನಿರುಪದ್ರವಿ. ಪೂರ್ತಿ ತೆಗೆದರೆ ಬಹಳ ಜನಕ್ಕೆ ಅಲ್ಲಿಗೆ ಮುಗಿಯುತ್ತದೆ. ಹತ್ತು ವರ್ಷ ಆದ ಮೇಲೂ ಮತ್ತೆ ಬೆಳೆಯುವುದುಂಟು, ಆದ್ದರಿಂದ ಸ್ಕ್ಯಾನ್ ಮಾಡಿಸುತ್ತಾ ಇರಬೇಕಾಗುತ್ತದೆ.

ಈ ಗಡ್ಡೆಯ ಒಂದು ವಿಚಿತ್ರ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಚಳ್ಳಕೆರೆ ಕಡೆಯ ಎಣ್ಣೆ ಮಿಲ್ಲಿನ ಹಮಾಲರೊಬ್ಬರನ್ನ ಮನೆಯವರು ಕರೆದುಕೊಂಡು ಬಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಏನೇನೋ ಮಾತಾಡುತ್ತಾರೆ, ಮೈಯೆಲ್ಲ ಬೆವರು, ಒಂದು ಲೋಟ ಬೆಲ್ಲದ ಕಾಫಿ ಕುಡಿಸಿದರೆ ಸರಿಹೋಗುತ್ತಾರೆ. ಗಾಳಿ ಸೋಕಿದೆ ಅಂತ ಎರಡು ಕಡೆ ತಾಯಿತ ಕಟ್ಟಿಸಿದ್ದರು. ನಸುಕಿನಲ್ಲಿ ರಕ್ತ ತೆಗೆದು ನೋಡಿದರೆ ಸಕ್ಕರೆ 38. ಸಕ್ಕರೆ ಕಾಯಿಲೆ ಇಲ್ಲ, ಯಾವ ಮಾತ್ರೆಯೂ ಇಲ್ಲ. ಎದೆಯ ಎಕ್ಸ್‌ರೇ ತೆಗೆದಾಗ ತೆಂಗಿನಕಾಯಿ ಗಾತ್ರದ ಗಡ್ಡೆ ಇತ್ತು. ಇಂಥ ಗಡ್ಡೆ ಕೆಲವೊಮ್ಮೆ ಇನ್ಸುಲಿನ್ನಿನ ಹಾಗೇ ಕೆಲಸ ಮಾಡುವ ಒಂದು ರಸವನ್ನ ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ಡೋಗೆ, ಪಾಟರ್ ಅನ್ನುವ ಇಬ್ಬರು ವೈದ್ಯರು ಬೇರೆಬೇರೆಯಾಗಿ ಇದನ್ನ ಬರೆದಿದ್ದರು, ಹಾಗಾಗಿ ಅವರ ಹೆಸರೇ ಇದಕ್ಕೆ ಉಳಿದಿದೆ. ನೂರರಲ್ಲಿ ಐದು ಜನಕ್ಕೂ ಹೀಗಾಗುವುದಿಲ್ಲ. ಆಪರೇಷನ್ ಆದ ಮೇಲೆ ಆ ಹಮಾಲರ ಸಕ್ಕರೆ ಸರಿಹೋಯಿತು, ತಾಯಿತ ಮಾತ್ರ ಈಗಲೂ ತೆಗೆದಿಲ್ಲ.

ನಿಮ್ಮ ವರದಿಯಲ್ಲಿ ಇಲ್ಲದ ಮೂರನೇ ಸಾಧ್ಯತೆಯೂ ಇದೆ. ಪದರದಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟಿದವಲ್ಲ. ಶ್ವಾಸಕೋಶದಿಂದಲೋ ಬೇರೆ ಅಂಗದಿಂದಲೋ ಅಲ್ಲಿಗೆ ಹರಡಿಕೊಂಡವು. ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಜೀನ್ ಪರೀಕ್ಷೆ ಮಾಡಿ ದಿನಕ್ಕೊಂದು ಮಾತ್ರೆ ಕೊಟ್ಟು ವರ್ಷಗಟ್ಟಲೆ ಹತೋಟಿಯಲ್ಲಿ ಇಡಬಹುದು. ಮೂರಕ್ಕೂ ಮೂರು ದಾರಿ. ತುಣುಕು ಇಲ್ಲದೆ ಯಾವ ದಾರಿಯನ್ನೂ ಹಿಡಿಯಲಾಗದು.

ಈಗ ದೊಡ್ಡಪ್ಪನ ಮಾತು. ಸೂಜಿ ತಾಗಿದರೆ ಹರಡುತ್ತೆ ಅನ್ನುವುದು ಸಾಮಾನ್ಯವಾಗಿ ಸುಳ್ಳು. ಮೆಸೊಥೆಲಿಯೋಮಾದಲ್ಲಿ ಮಾತ್ರ, ಸೂಜಿ ಅಥವಾ ನಳಿಗೆ ಹೋದ ದಾರಿಯಲ್ಲಿ ಚರ್ಮದ ಕೆಳಗೆ ಆಮೇಲೆ ಸಣ್ಣ ಗಂಟು ಏಳುವುದುಂಟು. ಅದು ಅಲ್ಲೇ ಏಳುವ ಗಂಟು. ಸೂಜಿಯಿಂದ ಮೈಯೆಲ್ಲ ಹರಡಿತು ಅಂತ ಅರ್ಥ ಅಲ್ಲ. ಮೊದಲು ಅದನ್ನ ತಡೆಯುವುದಕ್ಕೆ ಎಲ್ಲರಿಗೂ ಆ ಜಾಗಕ್ಕೆ ರೇಡಿಯೇಷನ್ ಕೊಡುತ್ತಿದ್ದರು, ಪರೀಕ್ಷೆ ಮಾಡಿ ನೋಡಿದಾಗ ಲಾಭ ಕಾಣಲಿಲ್ಲ, ಈಗ ಗಂಟು ಬಂದರೆ ಮಾತ್ರ ಕೊಡುತ್ತೇವೆ. ಆ ಗಂಟಿಗೆ ಹೆದರಿ ರೋಗದ ಹೆಸರೇ ತಿಳಿಯದೆ ಕೂರುವುದು ನಷ್ಟದ ವ್ಯಾಪಾರ. ಅಲ್ಲದೆ ಈಗಾಗಲೇ ನೀರು ತೆಗೆಯಲು ಎರಡು ಸಲ ಸೂಜಿ ಹೋಗಿದೆಯಲ್ಲ, ಅದನ್ನೂ ಅವರಿಗೆ ನೆನಪಿಸಿ.

ತುಣುಕು ತೆಗೆಯುವುದಕ್ಕೆ ತೊರಾಕೋಸ್ಕೋಪಿ ನನಗೆ ಇಷ್ಟ. ಪೂರ್ತಿ ಅರಿವಳಿಕೆ ಬೇಕಿಲ್ಲ. ಎಡಗಡೆಗೆ ಮಗ್ಗುಲಾಗಿ ಮಲಗಿಸಿ, ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹೆಬ್ಬೆರಳು ಹಿಡಿಸುವಷ್ಟು ತೂತು ಮಾಡಿ ಕ್ಯಾಮೆರಾ ಇಳಿಸುತ್ತೇವೆ. ನೀರನ್ನ ಎಳೆದು ತೆಗೆದ ಮೇಲೆ ಪದರ ಟಿವಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಟಿಬಿಯಾದರೆ ಎಷ್ಟೋ ಸಲ ಬೇಯಿಸಿದ ಸಬ್ಬಕ್ಕಿ ಚೆಲ್ಲಿದ ಹಾಗೆ ಸಣ್ಣ ಕಾಳು ಕಾಳು. ಗಡ್ಡೆಯಾದರೆ ದ್ರಾಕ್ಷಿ ಗೊಂಚಲಿನ ಹಾಗೆ ಉಬ್ಬುಗಳು, ಮುಟ್ಟಿದರೆ ಒಸರುವ ರಕ್ತ. ಕಣ್ಣಿಗೆ ಕಂಡದ್ದನ್ನ ನಂಬಿ ಹೆಸರು ಇಡುವುದಿಲ್ಲ, ಐದಾರು ಕಡೆಯಿಂದ ಚೂರು ಕಚ್ಚಿ ತೆಗೆಯುತ್ತೇವೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಉತ್ತರ ಸಿಗುತ್ತದೆ. ಒಂದೆರಡು ದಿನ ನೋವು, ಸ್ವಲ್ಪ ಜ್ವರ, ಕೆಲವರಿಗೆ ಸೋಂಕು ಅಥವಾ ರಕ್ತಸ್ರಾವ, ಇಷ್ಟು ಅಪಾಯ ಇದೆ. ಗಡ್ಡೆ ಎದೆ ಗೋಡೆಗೆ ಅಂಟಿದ್ದರೆ ಸ್ಕ್ಯಾನ್ ನೋಡಿಕೊಂಡೇ ದಪ್ಪ ಸೂಜಿಯಲ್ಲೂ ತೆಗೆಯಬಹುದು.

ಆ ತುಣುಕಿಗೆ ಬರೀ ಮಾಮೂಲಿ ಬಣ್ಣ ಹಾಕಿ ನೋಡಿದರೆ ಸಾಲದು. ಇಮ್ಯುನೋ ಬಣ್ಣ ಪರೀಕ್ಷೆ ಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಹತ್ತಿದರೆ ಮೆಸೊಥೆಲಿಯೋಮಾ ಕಡೆ, ಟಿಟಿಎಫ್1 ಹತ್ತಿದರೆ ಶ್ವಾಸಕೋಶದ ಕಡೆ, ಸ್ಟ್ಯಾಟ್6 ಹತ್ತಿದರೆ ಫೈಬ್ರಸ್ ಗಡ್ಡೆ. ಈ ಹೆಸರು ನೀವು ನೆನಪಿಡಬೇಕಿಲ್ಲ. ಇಮ್ಯುನೋ ಆಗಿದೆಯಾ, ಮೆಸೊಥೆಲಿಯೋಮಾ ಆದರೆ ಯಾವ ಬಗೆ, ಇವೆರಡು ಕೇಳಿ ಸಾಕು. ಎಪಿಥೀಲಿಯಾಯ್ಡ್ ಅನ್ನುವ ಬಗೆ ಸ್ವಲ್ಪ ನಿಧಾನ, ಸಾರ್ಕೋಮಟಾಯ್ಡ್ ಅನ್ನುವುದು ಒರಟು.

ಮುಚ್ಚುಮರೆ ಇಲ್ಲದೆ ಹೇಳಬೇಕೆಂದರೆ, ಸುತ್ತಲೂ ದಪ್ಪಗಾದ ಪದರ, ಕೆಂಪು ನೀರು, ಬಾಯ್ಲರ್ ಮನೆ, ಇವನ್ನ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಮೊದಲ ಹೆಸರೇ ಇರಬಹುದು ಅಂತ ಭಯ ಇದೆ. ಹಾಗಾದರೆ ಪೂರ್ತಿ ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಅನ್ನುವ ಕೀಮೋ ಔಷಧ 21 ದಿನಕ್ಕೊಮ್ಮೆ ಕೊಡುವುದು ಹಳೇ ದಾರಿ. 2003ರ ದೊಡ್ಡ ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರಲ್ಲಿ ಅರ್ಧ ಜನ 9 ತಿಂಗಳು ದಾಟಿದರೆ, ಎರಡೂ ಪಡೆದವರಲ್ಲಿ ಅರ್ಧ ಜನ 12 ತಿಂಗಳು ದಾಟಿದರು. ಇದರ ಜೊತೆ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ತಪ್ಪಿಸಬಾರದು, ತಪ್ಪಿಸಿದರೆ ಬಾಯಿಹುಣ್ಣು, ರಕ್ತಕಣ ಇಳಿಯುವುದು ಜಾಸ್ತಿ. ಕಿಡ್ನಿ ಸರಿ ಇರಬೇಕು. ಹೊಸದು ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧ, ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಸೇರಿಸಿ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಮೋ ಪಡೆದವರಲ್ಲಿ ಅರ್ಧ ಜನ 14 ತಿಂಗಳು ದಾಟಿದರೆ, ಇದನ್ನ ಪಡೆದವರಲ್ಲಿ ಅರ್ಧ ಜನ 18 ತಿಂಗಳು ದಾಟಿದರು, ಒರಟು ಬಗೆಯವರಿಗೆ ಲಾಭ ಹೆಚ್ಚು. ಕರುಳು, ಲಿವರ್, ಥೈರಾಯ್ಡ್ ಮೇಲೆ ಮೈಯದ್ದೇ ಶಕ್ತಿ ತಿರುಗಿಬೀಳುವ ಅಪಾಯ ಇದೆ, ಖರ್ಚು ಲಕ್ಷಗಟ್ಟಲೆ. ಅಡಿಕೆ ತೋಟ ಅಡ ಇಡುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ, ತಂದೆಯವರನ್ನೂ ಕೂರಿಸಿಕೊಂಡು.

ಆಪರೇಷನ್ ಮಾಡಿ ಪದರ ಪೂರ್ತಿ ಸುಲಿದುಬಿಡಿ ಅಂತ ಕೆಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ 335 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಆಪರೇಷನ್ ಜೊತೆ ಕೀಮೋ ಆದವರಲ್ಲಿ ಅರ್ಧ ಜನ ದಾಟಿದ್ದು ಸುಮಾರು 19 ತಿಂಗಳು, ಬರೀ ಕೀಮೋ ಆದವರಲ್ಲಿ ಸುಮಾರು 25 ತಿಂಗಳು. ಇದನ್ನ ಓದಿದ ಮೇಲೆ ಈ ವಯಸ್ಸಿನವರಿಗೆ ಆ ಆಪರೇಷನ್ನಿಗೆ ಕಳಿಸೋಕೆ ನನಗೆ ಮನಸ್ಸು ಬರುವುದಿಲ್ಲ. ಫೈಬ್ರಸ್ ಗಡ್ಡೆಯಾದರೆ ಇದೇ ನಾನು ನಾಳೆಯೇ ಆಪರೇಷನ್ ಮಾಡಿಸಿ ಅನ್ನುತ್ತೇನೆ. ತುಣುಕು ಯಾಕೆ ಬೇಕು ಅನ್ನುವುದಕ್ಕೆ ದೊಡ್ಡಪ್ಪನಿಗೆ ಇದೊಂದು ಹೇಳಿದರೆ ಸಾಕು.

ಹೆಸರು ಯಾವುದೇ ಬರಲಿ, ನೀರಿನ ದಮ್ಮಿಗೆ ಇವತ್ತೇ ಪರಿಹಾರ ಇದೆ. ತೊರಾಕೋಸ್ಕೋಪಿ ಹೊತ್ತಿನಲ್ಲೇ ಟಾಲ್ಕ್ ಪುಡಿ ಹಾಕಿ ಎರಡೂ ಪದರ ಅಂಟುವ ಹಾಗೆ ಮಾಡಬಹುದು, ನಾಲ್ವರಲ್ಲಿ ಮೂವರಿಗೆ ಕೆಲಸ ಮಾಡುತ್ತದೆ, ಎರಡು ದಿನ ನೋವು ಜ್ವರ ಸಹಿಸಬೇಕು. ಶ್ವಾಸಕೋಶ ಅರಳದೆ ಮುದುಡಿಯೇ ಇದ್ದರೆ ಅದು ಆಗದು, ಆಗ ಚರ್ಮದ ಕೆಳಗೆ ಸಣ್ಣ ನಳಿಗೆ ಇಟ್ಟು ಮನೆಯಲ್ಲೇ ನೀರು ತೆಗೆಯುವುದನ್ನ ನಿಮಗೆ ಕಲಿಸುತ್ತಾರೆ. ಸೋಂಕು ಆಗದ ಹಾಗೆ ಕೈ ತೊಳೆಯುವುದು ಒಂದೇ ಕಷ್ಟ. ಪೂರ್ತಿ ತೆಗೆದುಬಿಡಿ ಅಂತ ಡಾಕ್ಟರಿಗೆ ಒತ್ತಾಯ ಮಾಡಬೇಡಿ. ಒಂದೇ ಸಲ ಒಂದೂವರೆ ಲೀಟರಿಗಿಂತ ಜಾಸ್ತಿ ತೆಗೆದರೆ ಮುದುಡಿದ್ದ ಶ್ವಾಸಕೋಶ ದಿಢೀರ್ ಅರಳಿ ಅದರೊಳಗೇ ನೀರು ಒಸರಬಹುದು.

ಊರು ಯಾವುದು ಅನ್ನುವುದಕ್ಕಿಂತ ತೊರಾಕೋಸ್ಕೋಪಿ ಮತ್ತು ಇಮ್ಯುನೋ ಪರೀಕ್ಷೆ ಎರಡೂ ಮಾಡುವ ಜಾಗ ಬೇಕು. ಬಯಾಪ್ಸಿಯನ್ನ ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ಕೇಳಿ ನೋಡಿ. ಮುಂದಿನ ಯೋಜನೆಗೆ ಒಂದು ಸಲ ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸಿಕೊಂಡು ಬನ್ನಿ, ಇದು ಅಪರೂಪದ ಕಾಯಿಲೆ, ಹೆಚ್ಚು ನೋಡಿದವರ ಅಭಿಪ್ರಾಯ ಒಳ್ಳೆಯದು. ಹೋಗುವಾಗ ವರದಿಯ ಹಾಳೆ ಮಾತ್ರ ಅಲ್ಲ, ತುಣುಕನ್ನ ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡು ಲ್ಯಾಬಿನಿಂದ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಇದ್ದರೆ ಮತ್ತೆ ಚುಚ್ಚಬೇಕಾಗಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಮನೆಗೆ 5 ಲಕ್ಷದ ತನಕ ಸೌಲಭ್ಯ ಇದೆ. ಯಾವ ಔಷಧ ಅದರೊಳಗೆ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಕೇಳಿ. ಮಿಲ್ಲಿನ ಗುರುತಿನ ಚೀಟಿ, ಪಿಎಫ್ ಚೀಟಿ, ಇಎಸ್ಐ ಕಾರ್ಡ್ ಏನಾದರೂ ಟ್ರಂಕಿನಲ್ಲಿ ಉಳಿದಿದ್ದರೆ ಹುಡುಕಿ ಇಡಿ. ಆಸ್ಬೆಸ್ಟಾಸ್‌ನಿಂದ ಬರುವ ಮೆಸೊಥೆಲಿಯೋಮಾ ನಮ್ಮ ಕಾನೂನಿನಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿದೆ. ಕಾರ್ಮಿಕರ ಆರೋಗ್ಯ ದಾಖಲೆಯನ್ನ ಕನಿಷ್ಠ 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು, ಆದರೆ ಅದು ಆಸ್ಬೆಸ್ಟಾಸ್ ಉದ್ಯಮಕ್ಕೆ. ಬಟ್ಟೆ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಹಗ್ಗ ಸುತ್ತಿದವರ ಲೆಕ್ಕ ಇಟ್ಟವರನ್ನ ನಾನಂತೂ ಕಂಡಿಲ್ಲ.

ಕೊನೆಗೆ ಆ ಬೆವರು. ಟಿಬಿಯಲ್ಲೂ ಬರುತ್ತದೆ, ಕ್ಯಾನ್ಸರಿನಲ್ಲೂ ಬರುತ್ತದೆ, ಆದರೆ ಚಳ್ಳಕೆರೆಯವರ ಕಥೆ ಸುಮ್ನೆ ಹೇಳಿದ್ದಲ್ಲ. ಪಕ್ಕದ ಮನೆಯಲ್ಲಿ ಸಕ್ಕರೆ ಕಾಯಿಲೆಯವರ ಹತ್ತಿರ ಗ್ಲೂಕೋಮೀಟರ್ ಇದ್ದೇ ಇರುತ್ತದೆ, ಕೇಳಿ ತನ್ನಿ, ಸೂಜಿ ಮಾತ್ರ ಹೊಸದು ಹಾಕಿ. ನಾಳೆ ನಸುಕಿನಲ್ಲಿ ಬೆವರು ಬಂದಾಗ, ಕಾಫಿ ಕೊಡುವ ಮೊದಲು, ಬೆರಳ ತುದಿಯಿಂದ ಒಂದು ಹನಿ ರಕ್ತ ಹಾಕಿ ನೋಡಿ. 70ಕ್ಕಿಂತ ಕೆಳಗಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳು ಹಿಡಿದಾಗ ಉಗುರನ್ನೂ ನೋಡಿ, ಗಿಳಿ ಕೊಕ್ಕಿನ ಹಾಗೆ ಬಾಗಿ ಉಬ್ಬಿದೆಯಾ ಅಂತ. ಎದೆಯೊಳಗೆ ಗಡ್ಡೆ ಇರುವ ಕೆಲವರಿಗೆ ಹಾಗಾಗುವುದುಂಟು. ಆ ನಂಬರು, ಉಗುರಿನ ಒಂದು ಫೋಟೋ, ಎರಡನ್ನೂ ನನಗೆ ಕಳಿಸಿ.